ಏನಂದ್ರು?

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊದಲು ಏಳುವುದು ನಾನು. ಫಿಲ್ಟರಿಗೆ ಕಾಫಿಪುಡಿ ಹಾಕಿ, ಡಿಕಾಕ್ಷನ್ ಇಳಿಯಲು ಬಿಟ್ಟು, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು ಬರುವಷ್ಟರಲ್ಲಿ ಹಾಲ್‌ನಲ್ಲಿ ಟಿವಿ ಹಚ್ಚಿರುತ್ತದೆ. ಸದ್ದು ಮಾತ್ರ ಇರುವುದಿಲ್ಲ. ನಮ್ಮವರು ಸೋಫಾದ ತುದಿಯಲ್ಲಿ ಕೂತು ಪರದೆಯ ಕೆಳಗೆ ಓಡುವ ಅಕ್ಷರಗಳನ್ನು ಓದುತ್ತಿರುತ್ತಾರೆ. ಕಿವಿಯ ಮಷೀನು ಇನ್ನೂ ಡಬ್ಬಿಯಲ್ಲೇ ಇರುತ್ತದೆ. ಅದನ್ನು ಹಾಕಿಕೊಳ್ಳುವುದು ಕಾಫಿ ಆದ ಮೇಲೆ. "ಸ್ವಲ್ಪ ಹೊತ್ತು ಸುಮ್ನೆ ಇರಲಿ ಬಿಡೇ" ಅನ್ನುತ್ತಾರೆ.

ಆಮೇಲೆ ಇಡೀ ದಿನ ಒಂದೇ ಪ್ರಶ್ನೆ. "ಏನಂದ್ರು?"

ಟಿವಿಯಲ್ಲಿ ಯಾರೋ ಏನೋ ಹೇಳುತ್ತಾರೆ. ಇವರು ನನ್ನ ಕಡೆ ತಿರುಗುತ್ತಾರೆ. ನಾನು ಅದನ್ನೇ ಇನ್ನೊಂದು ಸಲ ಹೇಳುತ್ತೇನೆ. ಒಂದು ಸಿನಿಮಾ ಮುಗಿಯುವಷ್ಟರಲ್ಲಿ ನಾಯಕ, ನಾಯಕಿ, ಅತ್ತೆ, ಪೊಲೀಸು ಎಲ್ಲರ ಮಾತೂ ನನ್ನ ಬಾಯಲ್ಲಿ ಬಂದಿರುತ್ತದೆ. ಮೊದಮೊದಲು ಬೇಜಾರಾಗುತ್ತಿತ್ತು. ನಿಜ ಹೇಳುತ್ತೇನೆ, ಸಿಟ್ಟೂ ಬರುತ್ತಿತ್ತು. ಒಂದು ಭಾನುವಾರ "ನೀವೇ ವಾಲ್ಯೂಮ್ ಜಾಸ್ತಿ ಮಾಡ್ಕೊಳ್ಳಿ" ಅಂದುಬಿಟ್ಟು ಅಡುಗೆಮನೆಗೆ ಹೋದೆ. ವಾಪಸ್ ಬಂದಾಗ ಟಿವಿ ಆಫ್ ಆಗಿತ್ತು. ಇವರು ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಹಾಗೆ ಕೂತಿದ್ದ ಅವರ ಬೆನ್ನು ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ.

ನಾವು ಮೊದಲ ಟಿವಿ ತಂದದ್ದು 1987ರ ಜನವರಿಯಲ್ಲಿ. ಕುವೆಂಪುನಗರದ ಈ ಮನೆಗೆ ಬಂದು ಒಂದೂವರೆ ವರ್ಷವಾಗಿತ್ತು. ನಮ್ಮ ಬೀದಿಯಲ್ಲಿ ಇನ್ನೂ ಖಾಲಿ ಸೈಟುಗಳೇ ಜಾಸ್ತಿ. ಮಹಡಿ ಹತ್ತಿದರೆ ಚಾಮುಂಡಿ ಬೆಟ್ಟ ಬುಡದಿಂದ ತುದಿಯವರೆಗೆ ಕಾಣುತ್ತಿತ್ತು. ಜನವರಿ 25, ಭಾನುವಾರ, ದೂರದರ್ಶನದಲ್ಲಿ ರಮಾನಂದ ಸಾಗರ್ ಅವರ ರಾಮಾಯಣ ಶುರುವಾಗುವುದಿತ್ತು. ಅಷ್ಟರೊಳಗೆ ಮನೆಗೆ ಟಿವಿ ಬರಲೇಬೇಕು ಅಂತ ನಮ್ಮತ್ತೆ ಹಟ ಹಿಡಿದಿದ್ದರು. ಇವರು ಸೊಸೈಟಿಯಲ್ಲಿ ಸಾಲ ತೆಗೆದರು. ಕಪ್ಪು ಬಿಳುಪಿನ ಟಿವಿ. ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಎಳೆದು ಮುಚ್ಚುವ ಬಾಗಿಲು, ಪಕ್ಕದಲ್ಲಿ ಗುಂಯ್ ಅನ್ನುವ ಸ್ಟೆಬಿಲೈಸರ್.

ಟಿವಿಗಿಂತ ಆಂಟೆನಾದ ಕೆಲಸವೇ ದೊಡ್ಡದು. ಉದ್ದನೆಯ ಕಬ್ಬಿಣದ ಪೈಪು, ಅದರ ತುದಿಗೆ ಮೀನಿನ ಮುಳ್ಳಿನ ಹಾಗೆ ಅಲ್ಯೂಮಿನಿಯಂ ಕಡ್ಡಿಗಳು. ಅಲ್ಲಿಂದ ಚಪ್ಪಟೆ ವೈರು ಕಿಟಕಿಯ ಮೂಲಕ ಒಳಗೆ ಬರುತ್ತಿತ್ತು. ಆ ಕಡ್ಡಿಗಳು ಸರಿಯಾಗಿ ಟವರಿನ ಕಡೆಗೇ ಮುಖ ಮಾಡಿರಬೇಕು. ಕೊಂಚ ಆಚೀಚೆ ಆದರೂ ಚಿತ್ರದ ಪಕ್ಕದಲ್ಲೇ ಅದರ ನೆರಳು ಬಂದು ನಿಲ್ಲುತ್ತಿತ್ತು. ಒಬ್ಬ ರಾಮನ ಬದಲು ಇಬ್ಬರು ರಾಮರು. ಇವರು ಮಹಡಿಯಲ್ಲಿ ಪೈಪು ಹಿಡಿದು ನಿಲ್ಲುತ್ತಿದ್ದರು. ನಾನು ಕೆಳಗೆ ಹಾಲ್‌ನ ಕಿಟಕಿಯಲ್ಲಿ. ಕಣ್ಣು ಟಿವಿ ಮೇಲೆ, ಬಾಯಿ ಮಹಡಿ ಕಡೆ.

"ಸ್ವಲ್ಪ ಬೆಟ್ಟದ ಕಡೆ ತಿರುಗಿಸಿ ರೀ."

"ಬಂತಾ?"

"ಇಲ್ಲ, ಚುಕ್ಕಿ ಜಾಸ್ತಿ ಆಯ್ತು. ರೈಲ್ವೆ ಸ್ಟೇಷನ್ ಕಡೆ ಒಂಚೂರು."

"ಈಗ?"

"ಬಂತು, ಬಂತು... ಅಯ್ಯೋ, ಹೋಯ್ತು."

"ಎಲ್ಲಿ ಬಂದಿತ್ತು ಅಂತ ಸರಿಯಾಗಿ ಹೇಳೇ!"

"ಬಂತು ರೀ, ಬಂತು! ಅಲ್ಲೇ ಬಿಡಿ. ಅಲ್ಲಾಡಿಸಬೇಡಿ."

ಆ ಮೊದಲ ಭಾನುವಾರ ಪೈಪನ್ನು ಇನ್ನೂ ಸಿಮೆಂಟು ಹಾಕಿ ನಿಲ್ಲಿಸಿರಲಿಲ್ಲ. ಕೈ ಬಿಟ್ಟರೆ ಗಾಳಿಗೆ ತಿರುಗುತ್ತಿತ್ತು. ಹಾಗಾಗಿ ಮೊದಲ ಕಂತು ಮುಗಿಯುವವರೆಗೆ ಇವರು ಮಹಡಿಯಲ್ಲೇ ಪೈಪು ಹಿಡಿದು ನಿಂತಿದ್ದರು. ಬೆಳಿಗ್ಗೆ ಒಂಬತ್ತೂವರೆಯ ಬಿಸಿಲು. ಕೆಳಗೆ ನಾವು ಇಪ್ಪತ್ತೈದು ಜನ ನೋಡಿದೆವು. ಇವರು ನೋಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಮೊದಲಿಂದ ಕೊನೆಯವರೆಗೆ ಕಥೆ ಹೇಳಿದೆ. ಯಾರು ಹೇಗಿದ್ದರು, ಏನು ಉಟ್ಟಿದ್ದರು, ಯಾರು ಏನಂದರು, ಎಲ್ಲಾ. ಇವರು ಮುದ್ದೆ ಮುರಿಯುವುದನ್ನೂ ಬಿಟ್ಟು ಕೇಳಿದರು.

ಇಪ್ಪತ್ತೈದು ಜನ ಅಂದೆನಲ್ಲ. ಅದು ಸುಮಾರಾಗಿ ಪ್ರತಿ ಭಾನುವಾರದ ಲೆಕ್ಕ. ಗೇಟಿನ ಹತ್ತಿರ ಚಪ್ಪಲಿಯ ರಾಶಿ. ಚಾಪೆ, ಜಮಖಾನ ಎಲ್ಲಾ ಹಾಸಿದರೂ ಜಾಗ ಸಾಲದು. ಬಾಗಿಲಲ್ಲಿ ನಿಂತು ನೋಡುವವರು, ಕಿಟಕಿಯ ಸರಳು ಹಿಡಿದು ನೋಡುವ ಮಕ್ಕಳು. ಎದುರುಮನೆ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಮಡಿಸೀರೆ ಉಟ್ಟು, ಒಂದು ಮೊಳ ಮೈಸೂರು ಮಲ್ಲಿಗೆ ಹಿಡಿದುಕೊಂಡು ಬರುತ್ತಿದ್ದರು. ಹೂವು ಟಿವಿಗೆ. ಪೆಟ್ಟಿಗೆಯ ಮೇಲೆ ಹೂವಿಟ್ಟು, ಕೈ ಮುಗಿದು, ಎದುರಿಗೇ ಕೂರುತ್ತಿದ್ದರು.

ಧಾರಾವಾಹಿ ಹಿಂದಿಯಲ್ಲಿ. ನಾನು ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ಪಿತಾಶ್ರೀ, ಮಾತಾಶ್ರೀ ಅನ್ನುವಂಥ ಮಾತು ಎಲ್ಲರಿಗೂ ತಿಳಿಯುತ್ತಿತ್ತು. ಮಧ್ಯದ ಮಾತು ಮಾತ್ರ ತಿಳಿಯದು. ಅಜ್ಜಿ ಮಂಡ್ಯದ ಕಡೆಯವರು. ನನ್ನ ತವರಿನ ಭಾಷೆಯಲ್ಲೇ ಕೇಳುತ್ತಿದ್ದರು. "ಏನಂದ್ನವ್ವಾ ರಾಮ?" ನಾನು ಹೇಳುತ್ತಿದ್ದೆ. ಹಿಂದಿನಿಂದ ಯಾರೋ "ಟೀಚರೇ, ಸ್ವಲ್ಪ ಜೋರಾಗಿ" ಅನ್ನುತ್ತಿದ್ದರು. ಕ್ರಮೇಣ ಅದು ನನ್ನ ಕೆಲಸವೇ ಆಯಿತು. ಕೈಕೇಯಿ ವರ ಕೇಳಿದ ಕಂತಿನಲ್ಲಿ ದಶರಥನ ಮಾತನ್ನು ಕನ್ನಡದಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಹಾಲ್‌ನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಸಾಕು, ಗೊತ್ತಾಯ್ತು ಬುಡವ್ವ" ಅಂದರು.

1988ರ ಜುಲೈ 31ಕ್ಕೆ ಆ ಧಾರಾವಾಹಿ ಮುಗಿಯಿತು. ಅಕ್ಟೋಬರ್ 2ರಿಂದ ಮಹಾಭಾರತ. ಅಷ್ಟರಲ್ಲಿ ಬೀದಿಯ ನಾಲ್ಕೈದು ಮನೆಗೆ ಟಿವಿ ಬಂದಿತ್ತು. ನಮ್ಮ ಹಾಲ್‌ನಲ್ಲಿ ಜಮಖಾನ ಒಂದೇ ಸಾಕಾಗುತ್ತಿತ್ತು. ಅಜ್ಜಿ ಮಾತ್ರ ತಮ್ಮ ಮನೆಗೇ ಟಿವಿ ಬಂದ ಮೇಲೂ ನಮ್ಮಲ್ಲಿಗೇ ಬರುತ್ತಿದ್ದರು. ಅಲ್ಲಿ ಹೇಳುವವರು ಇರಲಿಲ್ಲ.

ಇವರ ಕಿವಿ ಯಾವಾಗ ಮಂದವಾಯಿತು ಅಂತ ಹೇಳುವುದು ಕಷ್ಟ. ಒಂದೇ ದಿನ ಆದದ್ದಲ್ಲ ಅದು. ಮೊದಲು ರೇಡಿಯೊ ಬಿಟ್ಟರು. ನಮ್ಮ ಮಾವನ ಕಾಲದಿಂದ ಮನೆಯಲ್ಲಿ ಬೆಳಿಗ್ಗೆ ರೇಡಿಯೊ ಹಾಡುತ್ತಿತ್ತು. ಆಕಾಶವಾಣಿ ಅಂದರೆ ಮೈಸೂರಿನವರಿಗೆ ಸುಮ್ಮನೆ ಒಂದು ಹೆಸರಲ್ಲ, ಅದು ನಮ್ಮ ಊರು ದೇಶಕ್ಕೆ ಕೊಟ್ಟ ಹೆಸರು. 1935ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಮಾವ ಇದನ್ನು ನೂರು ಸಲವಾದರೂ ಹೇಳಿದ್ದಾರೆ. ಅಂಥ ಮನೆಯಲ್ಲಿ ಇವರು ಒಂದು ದಿನ ರೇಡಿಯೊ ಹಾಕುವುದನ್ನೇ ನಿಲ್ಲಿಸಿದರು. ಯಾಕೆ ಅಂದರೆ "ಬ್ಯಾಟರಿ ಹೋಗಿರಬೇಕು" ಅಂದರು. ಬ್ಯಾಟರಿ ಚೆನ್ನಾಗಿತ್ತು. ಆಮೇಲೆ ನನಗೆ ಅರ್ಥವಾಯಿತು. ರೇಡಿಯೊಗೆ ಮುಖವಿಲ್ಲ. ಟಿವಿಗೆ ಮುಖವಿದೆ, ತುಟಿ ಇದೆ, ಕೆಳಗೆ ಅಕ್ಷರವೂ ಇದೆ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಲು ಇವರನ್ನು ಒಪ್ಪಿಸುವುದಕ್ಕೆ ಎರಡು ವರ್ಷ ಬೇಕಾಯಿತು. 1965ರಿಂದ ನಮ್ಮ ಊರಿನಲ್ಲೇ ಇದೆ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. ದೇಶದ ಬೇರೆ ಬೇರೆ ಕಡೆಯಿಂದ ಪುಟ್ಟ ಮಕ್ಕಳನ್ನು ಎತ್ತಿಕೊಂಡು ಜನ ಬರುತ್ತಾರೆ. ನಾವು ಹದಿನೈದು ನಿಮಿಷದ ದೂರದಲ್ಲಿದ್ದುಕೊಂಡು ಹೋಗಿರಲಿಲ್ಲ.

ಹೊರಗಿನ ಸದ್ದು ಬಾರದ ಒಂದು ಕೋಣೆ. ಇವರ ಕಿವಿಗೆ ಹೆಡ್‌ಫೋನ್ ಹಾಕಿದರು. ಸಣ್ಣ ಸದ್ದು ಕೇಳಿದಾಗೆಲ್ಲ ಬೆರಳು ಎತ್ತಬೇಕು. ನಾನು ಗಾಜಿನ ಆಚೆಯಿಂದ ನೋಡುತ್ತಿದ್ದೆ. ಎಷ್ಟೋ ಹೊತ್ತು ಬೆರಳು ಮೇಲೇಳಲೇ ಇಲ್ಲ. ಇವರ ಮುಖ ಮಾತ್ರ ಪರೀಕ್ಷೆಗೆ ಕೂತ ಹುಡುಗನ ಹಾಗಿತ್ತು. ನನಗೆ ಓಡಿಹೋಗಿ ಆ ಕೈ ಹಿಡಿದು ಮೇಲೆತ್ತಿಬಿಡಬೇಕು ಅನ್ನಿಸಿತು.

ಪರೀಕ್ಷೆ ಮಾಡಿದ ಹುಡುಗಿ ಸಮಾಧಾನದಿಂದ ವಿವರಿಸಿದಳು. ವಯಸ್ಸಾದಾಗ ಮೊದಲು ಹೋಗುವುದು ಸಣ್ಣ, ತೀಕ್ಷ್ಣ ಸದ್ದುಗಳು. ಅ, ಆ, ಓ ಅನ್ನುವ ಸ್ವರಗಳು ಕೇಳಿಸುತ್ತವೆ. ಸ, ಶ, ತ, ಕ ಅನ್ನುವಂಥವು ಕಳೆದುಹೋಗುತ್ತವೆ. ಮಾತು ಕೇಳಿಸುತ್ತದೆ, ಏನು ಮಾತು ಅಂತ ತಿಳಿಯುವುದಿಲ್ಲ. ಹಾಲು, ಸಾಲು, ಕಾಲು ಎಲ್ಲಾ ಒಂದೇ. ಗಂಡಸರ ದಪ್ಪ ದನಿಗಿಂತ ಹೆಂಗಸರ, ಮಕ್ಕಳ ದನಿ ಕಷ್ಟ. ಇಷ್ಟು ದಿನ ವಾರ್ತೆ ಓದುವ ಗಂಡಸಿನ ಮಾತು ತಿಳಿದು, ನನ್ನ ಮಾತು ತಿಳಿಯದೇ ಹೋದಾಗ, ಇವರು ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡಿದ್ದೆ. ಅವತ್ತು ಮನೆಗೆ ಬಂದು ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ.

ಏನು ಕೆಲಸ ಮಾಡುತ್ತಿದ್ದಿರಿ ಅಂತಲೂ ಆಕೆ ಕೇಳಿದಳು. ಇವರು ಮೂವತ್ತಮೂರು ವರ್ಷ ಒಂದು ಕಾರ್ಖಾನೆಯ ಪ್ರೆಸ್ ಸೆಕ್ಷನ್ನಿನಲ್ಲಿದ್ದವರು. ತಗಡಿನ ಮೇಲೆ ಮಷೀನು ಬಡಿಯುವ ಜಾಗ. ದಿನಾ ಎಂಟು ಗಂಟೆ 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿದ್ದರೆ ಒಳಗಿವಿಯ ಸಣ್ಣ ಸಣ್ಣ ಕೂದಲಿನಂಥ ಕೋಶಗಳು ಸಾಯುತ್ತವಂತೆ. ಮತ್ತೆ ಹುಟ್ಟುವುದಿಲ್ಲ. ಆ ಕಾಲದಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅಂತ ಕೂಡ ಇವರಿಗೆ ಯಾರೂ ಹೇಳಲಿಲ್ಲ. ಇದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿದೆ. ಈ ಮನೆಯ ಒಂದೊಂದು ಇಟ್ಟಿಗೆಯೂ, ಆ ಮೊದಲ ಟಿವಿಯೂ ಆ ಸದ್ದಿನಿಂದಲೇ ಬಂದದ್ದು ಅಲ್ವಾ.

ಮಷೀನು ಹಾಕಿದ ತಕ್ಷಣ ಎಲ್ಲಾ ಸರಿಹೋಗುತ್ತದೆ ಅಂತ ನಾನು ನಂಬಿದ್ದೆ. ಹಾಗಾಗುವುದಿಲ್ಲ. ಅದು ಎಲ್ಲಾ ಸದ್ದನ್ನೂ ದೊಡ್ಡದು ಮಾಡುತ್ತದೆ. ಫ್ಯಾನು, ಪೇಪರ್ ಮಡಿಸುವುದು, ಸ್ಟೀಲ್ ತಟ್ಟೆ, ಕುಕ್ಕರಿನ ಸೀಟಿ ಎಲ್ಲಾ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಮೊದಲ ವಾರ ಇವರು ಕುಕ್ಕರ್ ಇಟ್ಟಾಗ ಮನೆಯಿಂದ ಹೊರಗೆ ಹೋಗಿ ನಿಲ್ಲುತ್ತಿದ್ದರು. ನಿಧಾನವಾಗಿ ಒಗ್ಗಿತು. ನಾನೂ ಕಲಿತೆ. ಕೂಗಬಾರದು. ಕೂಗಿದರೆ ದನಿ ತೆಳ್ಳಗಾಗಿ ಇನ್ನೂ ಕೇಳಿಸುವುದಿಲ್ಲ. ಮೊದಲು ತೋಳು ಮುಟ್ಟಬೇಕು, ಮುಖ ತೋರಿಸಬೇಕು, ಆಮೇಲೆ ನಿಧಾನವಾಗಿ ಮಾತಾಡಬೇಕು. ತುಟಿ ಸೇರಿಸಿ ಹೇಳುವ ಬ, ಪ, ಮ ಇವರಿಗೆ ಕಣ್ಣಿನಲ್ಲೇ ಕಾಣುತ್ತವೆ. ಮದುವೆಯಾಗಿ ನಲವತ್ತನಾಲ್ಕು ವರ್ಷ. ಈ ಮೂರು ವರ್ಷ ಇವರು ನನ್ನ ಮುಖ ನೋಡಿದಷ್ಟು ಹಿಂದೆ ಯಾವತ್ತೂ ನೋಡಿರಲಿಲ್ಲ.

ಹಾಗಾಗಿ ನಮಗೆ ಟಿವಿಯ ಕಾರ್ಯಕ್ರಮ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ ತುಟಿ ಕಾಣುತ್ತದೋ ಇಲ್ಲವೋ ಅನ್ನುವುದೇ ಮುಖ್ಯ. ಆರು ಜನ ಒಟ್ಟಿಗೆ ಕೂಗಾಡುವ ಚರ್ಚೆ ಬೇಡ. ಡಬ್ಬಿಂಗ್ ಧಾರಾವಾಹಿಯೂ ಬೇಡ. ಅಲ್ಲಿ ತುಟಿ ಒಂದು ಮಾತು ಹೇಳುತ್ತದೆ, ದನಿ ಇನ್ನೊಂದು. ಚಂದನದ ವಾರ್ತೆ ಇವರಿಗೆ ಇಷ್ಟ. ಒಬ್ಬರೇ ಕೂತು, ಎದುರಿಗೆ ನೋಡಿ, ನಿಧಾನವಾಗಿ ಓದುತ್ತಾರೆ. ಹಿಂದೆ ಮ್ಯೂಸಿಕ್ ಇರುವುದಿಲ್ಲ. ಆ ಹೊತ್ತಿನಲ್ಲಿ ನನ್ನನ್ನು ಒಮ್ಮೆಯೂ ಕೇಳುವುದಿಲ್ಲ.

ಆಗಿನ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಕಿವಿ ಕೇಳದವರಿಗೆ ಅಂತ ಒಂದು ವಾರ್ತೆ ಬರುತ್ತಿತ್ತು. ಓದುವವರು ಕೈಯಲ್ಲೇ ಹೇಳುತ್ತಿದ್ದರು. ನಮ್ಮ ಮಗ, ಮಗಳು ಇಬ್ಬರೂ ಟಿವಿ ಮುಂದೆ ನಿಂತು ಆ ಕೈಸನ್ನೆಗಳನ್ನು ಮಾಡುತ್ತಾ ನಗುತ್ತಿದ್ದರು. ಇವರು ಒಂದು ದಿನ ಟಿವಿಯ ಸದ್ದು ಪೂರ್ತಿ ತೆಗೆದು, "ಈಗ ನೋಡಿ, ಅವರೇನು ಹೇಳ್ತಾ ಇದಾರೆ ಹೇಳಿ ನೋಡೋಣ" ಅಂದರು. ಮಕ್ಕಳು ಸುಮ್ಮನಾದರು. ಅದಾದ ಮೇಲೆ ನಗಲಿಲ್ಲ. ಅದು ಮುಗಿದ ಮೇಲೆ ಬೇರೆ ಬೇರೆ ಭಾಷೆಯ ಸಿನಿಮಾ, ಕೆಳಗೆ ಇಂಗ್ಲಿಷ್ ಅಕ್ಷರ. ಕನ್ನಡದ ಸರದಿಗೆ ವಾರಗಟ್ಟಲೆ ಕಾಯಬೇಕಿತ್ತು. ಬಂಗಾಳಿ, ಮಲಯಾಳಂ ಬಂದರೂ ಅಕ್ಷರ ಓದಿಕೊಂಡು ನೋಡುತ್ತಿದ್ದೆವು. ಈಗ ಕನ್ನಡದ ಚಾನೆಲ್ ಎಷ್ಟೊಂದು ಇವೆ. ಕನ್ನಡದ ಸಿನಿಮಾಗೆ, ಧಾರಾವಾಹಿಗೆ ಕೆಳಗೆ ಕನ್ನಡದ ಅಕ್ಷರ ಹಾಕಿದರೆ ಎಷ್ಟು ಮನೆಯ ಹಿರಿಯರು ಯಾರನ್ನೂ ಕೇಳದೆ ಕಥೆ ನೋಡಬಹುದು! ಇದು ಆಗಬೇಕು. ಸಿಕ್ಕವರಿಗೆಲ್ಲ ನಾನು ಇದನ್ನು ಹೇಳುತ್ತೇನೆ.

ಟಿವಿ ಇಡೀ ಮನೆಯನ್ನು ಹಿಡಿದು ಕೂರಿಸಿದ್ದು ಇನ್ನೊಂದು ಸಲ. 2000ನೇ ಇಸವಿ ಜುಲೈ 30, ಭಾನುವಾರ ರಾತ್ರಿ, ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಟಿವಿ ಆರಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದರು. ಇವರು ಕೆಲಸದಿಂದ ಬಂದು ಬೂಟು ಬಿಚ್ಚದೆ ಟಿವಿ ಮುಂದೆ ನಿಲ್ಲುತ್ತಿದ್ದರು. ಒಳಗಿನಿಂದ ಅತ್ತೆ ಕೇಳುತ್ತಿದ್ದರು, "ಏನಂತೆ?" ಅವತ್ತಿಗೆ ಹೇಳುವ ಕೆಲಸ ಇವರದ್ದು. "ಏನೂ ಇಲ್ಲಮ್ಮ, ಚೆನ್ನಾಗಿದ್ದಾರಂತೆ" ಅನ್ನುತ್ತಿದ್ದರು, ಸುದ್ದಿ ಇರಲಿ ಬಿಡಲಿ. 108 ದಿನವೂ ಹಾಗೇ ಅಂದರು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ದೂರದರ್ಶನ ಆ ರಾಮಾಯಣವನ್ನು ಮತ್ತೆ ಹಾಕಿತು. ಬೀದಿ ಖಾಲಿ, 1987ರ ಭಾನುವಾರದ ಹಾಗೆಯೇ. ಗೇಟಿನಲ್ಲಿ ಚಪ್ಪಲಿ ಮಾತ್ರ ಇರಲಿಲ್ಲ. ಎದುರುಮನೆ ಅಜ್ಜಿಯೂ ಇಲ್ಲ, ಅತ್ತೆಯೂ ಇಲ್ಲ. ಇವರು ಮೊದಲ ಕಂತು ನೋಡಿದ್ದು ಆಗಲೇ. ನೋಡಿ ಮುಗಿಸಿ, "ನೀನು ಹೇಳಿದ ಹಾಗೇ ಇದೆ ಕಣೇ" ಅಂದರು. ಮೂವತ್ತಮೂರು ವರ್ಷದ ಹಿಂದೆ ನಾನು ಊಟಕ್ಕೆ ಕೂತು ಹೇಳಿದ್ದು ಇವರಿಗೆ ನೆನಪಿತ್ತು.

ಹೋದ ಭಾನುವಾರದ ಮಾತು. ಮಾವಿನಕಾಯಿ ಚಿತ್ರಾನ್ನ ಮಾಡಿದ್ದೆ. ಹನ್ನೊಂದಕ್ಕೆ ಮಗಳ ವಿಡಿಯೊ ಕಾಲ್ ಬಂತು. ಮೊಮ್ಮಗ ಬಹಳ ಬೇಗ ಬೇಗ ಮಾತಾಡುತ್ತಾನೆ. ಇವರು ನಗುತ್ತಾ ತಲೆ ಆಡಿಸುತ್ತಾರೆ. ಕಾಲ್ ಮುಗಿದ ಮೇಲೆ "ಏನಂದ?" ಅಂತ ಕೇಳುತ್ತಾರೆ. ಹಲ್ಲು ಬಿದ್ದ ಕಥೆಯನ್ನು ನಾನು ಇನ್ನೊಂದು ಸಲ ಹೇಳಿದೆ.

ಸಂಜೆ ಅರಮನೆಗೆ ಹೋಗೋಣ ಅಂದುಕೊಂಡಿದ್ದೆವು. ಭಾನುವಾರ ಏಳು ಗಂಟೆಗೆ ದೀಪ ಹಚ್ಚುತ್ತಾರಲ್ಲ, ಹತ್ತಿರ ಹತ್ತಿರ 1 ಲಕ್ಷ ಬಲ್ಬು. ಇವರಿಗೆ ಅದು ಬಹಳ ಇಷ್ಟ. ಒಂದೇ ಗಳಿಗೆಯಲ್ಲಿ ಇಡೀ ಅರಮನೆ ಹೊತ್ತಿಕೊಳ್ಳುತ್ತದೆ. ಅಲ್ಲಿ ಯಾರೂ ಏನೂ ಹೇಳಬೇಕಾಗಿಲ್ಲ.

ಮಹಡಿ ಮೇಲೆ ಅರಳು ಸಂಡಿಗೆ ಇಟ್ಟು ಒಣಗಲು ಹಾಕಿದ್ದೆ. ಬೂದುಗುಂಬಳಕಾಯಿ ತುರಿದು, ಅರಳು ಬೆರೆಸಿ, ಬೆಳಿಗ್ಗೆಯೆಲ್ಲಾ ಕೂತು ಇಟ್ಟದ್ದು. ಮೂರೂವರೆಗೆ ಇವರು ಮಷೀನು ತೆಗೆದು ಡಬ್ಬಿಗೆ ಹಾಕಿ, ಸಂಡಿಗೆ ತಿರುವಿಹಾಕಿ ಬರುತ್ತೇನೆ ಅಂತ ಮೇಲೆ ಹೋದರು. ಬೆವರು, ನೀರು ತಾಗಿದರೆ ಮಷೀನು ಕೆಡುತ್ತದೆ. ನಾನು ಟಿವಿಯಲ್ಲಿ ಸಿನಿಮಾ ನೋಡುತ್ತಿದ್ದೆ. ಕೊನೆಯ ಭಾಗ ಇವರಿಗೆ ಹೇಳಬೇಕಲ್ಲ, ಅದಕ್ಕೆ ಗಮನವಿಟ್ಟು. ಇದ್ದಕ್ಕಿದ್ದ ಹಾಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಆಮೇಲೆ ಪರದೆ ಪೂರ್ತಿ ಕಪ್ಪು, ಸಿಗ್ನಲ್ ಇಲ್ಲ ಅಂತ ಬಂತು. ದಟ್ಟ ಮೋಡ, ಮಳೆ ಅಡ್ಡ ಬಂದರೆ ಡಿಶ್‌ಗೆ ಹಾಗಾಗುತ್ತದೆ. ಕಿಟಕಿಯಿಂದ ನೋಡಿದೆ. ಬೆಟ್ಟ ಕಾಣುತ್ತಿರಲಿಲ್ಲ.

ಓಡಿದೆ. ಮಂಡಿ ನೋವು ನೆನಪಾಗಲಿಲ್ಲ. ಹೊರಗಿನ ಮೆಟ್ಟಿಲು ಅರ್ಧ ಹತ್ತಿದಾಗ ಇವರು ಕಂಡರು. ನನಗೆ ಬೆನ್ನು ಮಾಡಿ, ಹಳೇ ಆಂಟೆನಾದ ಪೈಪು ಹಿಡಿದು ನಿಂತಿದ್ದರು. ಕಡ್ಡಿಗಳು ಎಂದೋ ಹೋದವು. ಪೈಪು ಮಾತ್ರ ಉಳಿದಿದೆ, ಬಟ್ಟೆ ಹಗ್ಗ ಕಟ್ಟುತ್ತೇವೆ. ಪಶ್ಚಿಮಕ್ಕೆ ಇನ್ನೂ ಬಿಸಿಲಿತ್ತು, ಇವರು ಆ ಕಡೆ ನೋಡುತ್ತಿದ್ದರು. ಮಳೆ ಇವರ ಬೆನ್ನ ಹಿಂದೆ ಬರುತ್ತಿತ್ತು. ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ ಕೂಗಿದೆ.

"ಬಂತು ರೀ, ಬಂತು!"

ಮೊದಲ ಹನಿ ಬಿದ್ದಿರಬೇಕು. ಇವರು ತಿರುಗಿದರು. ನನ್ನ ಮುಖ ನೋಡಿದರು. ನಾನು ಇನ್ನೊಂದು ಸಲ ಹೇಳಿದೆ, ಈ ಸಲ ಕೂಗದೆ, ತುಟಿ ಸೇರಿಸಿ, ನಿಧಾನವಾಗಿ. ಇವರ ಕೈ ಇನ್ನೂ ಪೈಪಿನ ಮೇಲೇ ಇತ್ತು.

"ಬಂತಾ?" ಅಂದರು. "ಸರಿಯಾಗಿ ಬಂತಾ?"

ಮೂರು ಚಾಪೆಯ ಸಂಡಿಗೆಯಲ್ಲಿ ಎರಡನ್ನು ಒಳಗೆ ತಂದೆವು. ಒಂದು ನೆನೆಯಿತು. ಹಾಲ್‌ನಲ್ಲಿ ಹರಡಿ ಫ್ಯಾನ್ ಹಾಕೋಣ ಅಂದರೆ ಕರೆಂಟೂ ಹೋಯಿತು. ಇವರು ಟವೆಲಿನಲ್ಲಿ ತಲೆ ಒರೆಸಿಕೊಂಡು, ಸಂಡಿಗೆಯ ಮಧ್ಯೆ ಜಾಗ ಮಾಡಿಕೊಂಡು ಕೂತರು. ಡಬ್ಬಿಯಿಂದ ಮಷೀನು ತೆಗೆದು ಹಾಕಿಕೊಂಡು ಕೇಳಿದರು.

"ಆ ಸಿನಿಮಾದಲ್ಲಿ ಕೊನೆಗೆ ಏನಂದ್ರು?"